ಫಸ್ಟ್ ಇಯರ್‌ನಲ್ಲೇ ಪ್ಲೇಸ್‌ಮೆಂಟ್ ಡ್ರೈವ್‌ಗೆ ವಾಲಂಟಿಯರ್ ಆಗಿ

ಮೈಸೂರು, ಮಂಡ್ಯದ ಕಾಲೇಜುಗಳಿಗೆ ಈ ವರ್ಷ ಸೇರಿರೋ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಒಂದು ಮಾತು.

ಕಂಪನಿಯವರು ಕಾಲೇಜಿಗೇ ಬಂದು ಕೆಲಸಕ್ಕೆ ಮಕ್ಕಳನ್ನ ಆರಿಸೋದೇ ಪ್ಲೇಸ್‌ಮೆಂಟ್ ಡ್ರೈವ್. ಅವರು ಬರೋ ಮುಂಚೆ ಪ್ಲೇಸ್‌ಮೆಂಟ್ ಆಫೀಸರ್ ಹತ್ರ ಹೋಗಿ, "ಸರ್, ನಾನು ವಾಲಂಟಿಯರ್ ಆಗ್ತೀನಿ" ಅನ್ನಿ. ರಿಜಿಸ್ಟ್ರೇಷನ್ ಟೇಬಲ್ಲು, ಕುರ್ಚಿ, ಪ್ರೊಜೆಕ್ಟರ್, ಯಾವ ಕೆಲಸ ಕೊಟ್ಟರೂ ಮಾಡಿ. ನಾನು ಹಾಗೆ ನಿಂತ ದಿನವೇ ಗೊತ್ತಾಗಿದ್ದು: ಎಷ್ಟೋ ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ. 60 ಅಂಕ ಕೇಳ್ತಾವೆ, ಬ್ಯಾಕ್‌ಲಾಗ್, ಅಂದ್ರೆ ಪಾಸಾಗದೆ ಉಳಿದ ಸಬ್ಜೆಕ್ಟ್, ಇದ್ದರೆ ತಮ್ಮ ಪರೀಕ್ಷೆಗೇ ಕೂರಿಸಲ್ಲ. ಇದು ಕೊನೇ ವರ್ಷದಲ್ಲಿ ತಿಳಿದರೆ ಸರಿಪಡಿಸಿಕೊಳ್ಳೋಕೆ ಸಮಯವೇ ಇರಲ್ಲ. ಮೊದಲನೇ ಸೆಮಿಸ್ಟರ್‌ನಲ್ಲಿ ತಿಳಿದರೆ ಬೇಕಾದಷ್ಟು ಸಮಯ ಇದೆ.

ಗ್ರೂಪ್ ಡಿಸ್ಕಷನ್ (ಕಂಪನಿಯವರ ಮುಂದೆ ಗುಂಪಾಗಿ ಕೂತು ಚರ್ಚೆ ಮಾಡೋದು) ಮುಗಿಸಿ ಹೊರಗೆ ಬರೋ ಸೀನಿಯರ್‌ಗಳನ್ನ ಆಗಲೇ ಮಾತಾಡಿಸಿ. ಏನು ಕೇಳಿದ್ರು, ಎಲ್ಲಿ ತಡವರಿಸಿದ್ರಿ ಅಂತ ಕೇಳಿ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಸಂಜೆ ಹೊತ್ತಿಗೆ ಅವರಿಗೂ ಅರ್ಧ ಮರೆತಿರುತ್ತೆ.

ಕನ್ನಡ ಮೀಡಿಯಂನಿಂದ ಬಂದವರು ದಯವಿಟ್ಟು ಹಿಂದಿನ ಬೆಂಚಿಗೆ ಸರೀಬೇಡಿ. ಕಂಪನಿಯಿಂದ ಬರೋ ಅತಿಥಿಗಳಿಗೆ ಕೇಳೋ ಒಂದು ಪ್ರಶ್ನೆಯನ್ನ ಮನೇಲೇ ಬರೆದು ನಾಲ್ಕು ಸಲ ಓದ್ಕೊಂಡು ಹೋಗಿ. ಇಂಗ್ಲಿಷ್‌ನಲ್ಲಿ ಎದ್ದು ನಿಂತು ಮಾತಾಡೋ ಭಯ ನನಗೆ ಹೋಗಿದ್ದು ಹೀಗೇ.

ಸೈನ್ಸ್ ಮಕ್ಕಳು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಓಪನ್ ಡೇ (ಜನರಿಗೆ ಒಳಗೆ ಬಂದು ನೋಡೋಕೆ ಬಿಡೋ ದಿನ), ಕೃಷಿ ಓದೋರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಕೃಷಿ ಮೇಳ ತಪ್ಪಿಸಬೇಡಿ. ಸ್ಟಾಲ್‌ನಲ್ಲಿರೋರ ಹತ್ರ "ನೀವು ಏನು ಓದಿ ಈ ಕೆಲಸಕ್ಕೆ ಬಂದ್ರಿ?" ಅಂತ ಕೇಳಿ.

ಕೆಲಸ ಕೊಡಿಸ್ತೀವಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಮಾತ್ರ ಒಂದು ರೂಪಾಯೀನೂ ಕೊಡಬೇಡಿ, ತಕ್ಷಣ ಪ್ಲೇಸ್‌ಮೆಂಟ್ ಆಫೀಸರ್‌ಗೆ ತಿಳಿಸಿ.