ಲಿಂಕನ್ ಕೊಲೆಯ ಸಾಕ್ಷಿಗಳಿಗೆ ನಾನು ಹಾಕಿದ ಪಾಟಿ ಸವಾಲು

ಪ್ರತ್ಯಕ್ಷ ಸಾಕ್ಷಿಯ ಬಗ್ಗೆ ಮಾತಾಡಿ ಎಂದು ಕಾನೂನು ಕಾಲೇಜಿನವರು ಕರೆದಾಗ ನಮ್ಮ ಜಿಲ್ಲಾ ಕೋರ್ಟಿನ ಕೇಸುಗಳನ್ನು ಎತ್ತಿಕೊಳ್ಳಲು ಮನಸ್ಸಾಗಲಿಲ್ಲ. ಕಕ್ಷಿದಾರರೆಲ್ಲ ಇನ್ನೂ ಊರಲ್ಲೇ ಓಡಾಡಿಕೊಂಡಿದ್ದಾರೆ. ಹಾಗಾಗಿ ಇಲ್ಲಿ ಯಾರಿಗೂ ನೆಂಟಸ್ತನವಿಲ್ಲದ ಕೊಲೆಯೊಂದನ್ನು ಆರಿಸಿಕೊಂಡೆ: 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರ್‌ನಲ್ಲಿ ಅಬ್ರಹಾಂ ಲಿಂಕನ್ ಅವರಿಗೆ ಬಿದ್ದ ಗುಂಡು. ಹೊಡೆದವನು ನಟ ಜಾನ್ ವಿಲ್ಕ್ಸ್ ಬೂತ್. ಲಿಂಕನ್ ಕೂತಿದ್ದ ಬಾಕ್ಸಿನಿಂದ, ಅಂದರೆ ಗಣ್ಯರಿಗೆಂದು ಎತ್ತರದಲ್ಲಿ ಬೇರೆಯಾಗಿ ಮಾಡಿದ ಜಾಗದಿಂದ, ರಂಗಕ್ಕೆ ಜಿಗಿದು ಹಿಂಬಾಗಿಲಿನಿಂದ ಪರಾರಿಯಾದ. ಇಷ್ಟರಲ್ಲಿ ತಕರಾರಿಲ್ಲ. ಅವನು ಏನೆಂದು ಕೂಗಿದ, ಯಾವಾಗ ಕೂಗಿದ ಎಂದು ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ರಾಗ.

ಹೇಳಿಕೆಗಳನ್ನು ಮೊದಲು ತಾರೀಖಿನ ಪ್ರಕಾರ ಜೋಡಿಸಿದೆ. ಈ ಕೇಸಿನಲ್ಲಿ ಅದಕ್ಕೊಂದು ಅನುಕೂಲವಿದೆ. ಲಿಂಕನ್ ಅವರನ್ನು ಮಲಗಿಸಿದ್ದ ಎದುರು ಮನೆಯಲ್ಲೇ, ಅದೇ ರಾತ್ರಿ, ಜೇಮ್ಸ್ ಟ್ಯಾನರ್ ಎಂಬ ಶೀಘ್ರಲಿಪಿ ಬಲ್ಲ ಕಾರ್ಪೊರಲ್ ಹೇಳಿಕೆಗಳನ್ನು ಬರೆದುಕೊಂಡ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡಿದ್ದವನು. ಮರುದಿನದ ಪತ್ರಿಕೆ ಇನ್ನೂ ಯಾರ ಕೈಗೂ ಬಂದಿರಲಿಲ್ಲ.

ಟ್ಯಾನರ್ ಎದುರು ಕೂತವರಲ್ಲಿ ಹ್ಯಾರಿ ಹಾಕ್ ಒಬ್ಬ. ಗುಂಡು ಹಾರಿದಾಗ ರಂಗದ ಮೇಲೆ ಒಬ್ಬನೇ ಇದ್ದ ನಟ. ಬೂತ್‌ನ ಪರಿಚಯವೂ ಇತ್ತು. ಬಂದವನು ಬೂತ್ ಎಂದೇ ನಂಬಿದ್ದೇನೆ, ಆದರೆ ಖಚಿತವಾಗಿ ಹೇಳಲಾರೆ ಎಂದ. ಏನೋ ಅಂದ, ಅದು ಏನೆಂದು ನನಗೆ ತಿಳಿಯಲಿಲ್ಲ ಎಂದ. ಕೆಲವೇ ದಿನಗಳಲ್ಲಿ ಅಪ್ಪನಿಗೆ ಬರೆದ ಪತ್ರದಲ್ಲಿ ಇದೇ ಹಾಕ್‌ಗೆ ಎಲ್ಲವೂ ಸ್ಪಷ್ಟ. ಬಾಕ್ಸಿನಿಂದ 'ಸಿಕ್ ಸೆಂಪರ್ ಟಿರಾನಿಸ್' ಎಂದು ಕೂಗಿದ, ರಂಗಕ್ಕಿಳಿದ ಮೇಲೆ 'ದಕ್ಷಿಣ ಸ್ವತಂತ್ರವಾಗುತ್ತದೆ' ಎಂದ! ಮೊದಲನೆಯದು ಲ್ಯಾಟಿನ್, ದಕ್ಷಿಣದ ವರ್ಜೀನಿಯಾ ರಾಜ್ಯದ ಧ್ಯೇಯವಾಕ್ಯ, ದಬ್ಬಾಳಿಕೆ ಮಾಡುವವರಿಗೆ ಸದಾ ಇದೇ ಗತಿ ಎಂದರ್ಥ. ಏಪ್ರಿಲ್ 15ರ ಪತ್ರಿಕೆಗಳಲ್ಲೇ ಅದು ಅಚ್ಚಾಗಿತ್ತು.

ನಮ್ಮ ಕೋರ್ಟಿನಲ್ಲಾಗಿದ್ದರೆ ಮೊದಲ ಹೇಳಿಕೆಯನ್ನು ಕೈಗೆ ಕೊಟ್ಟು ಇಷ್ಟೇ ಕೇಳುತ್ತಿದ್ದೆ: ಆ ರಾತ್ರಿ ತಿಳಿಯದ ಮಾತು ಆಮೇಲೆ ಹೇಗೆ ತಿಳಿಯಿತು? ಹಾಗಂತ ಹಾಕ್‌ನನ್ನು ಪೂರ್ತಿ ತಳ್ಳಿಹಾಕಲಿಲ್ಲ. ಒಂದರಲ್ಲಿ ಸುಳ್ಳಾದವನು ಎಲ್ಲದರಲ್ಲೂ ಸುಳ್ಳ ಎಂಬ ಲ್ಯಾಟಿನ್ ಸೂತ್ರವನ್ನು ನಮ್ಮ ಸುಪ್ರೀಂ ಕೋರ್ಟ್ ಒಪ್ಪುವುದಿಲ್ಲ, ಕಾಳು ಜೊಳ್ಳು ಬೇರೆ ಮಾಡಿ ಎನ್ನುತ್ತದೆ. ಬೂತ್ ಚಾಕು ಹಿಡಿದು ಬಂದಾಗ ತಾನು ಓಡಿಹೋದೆ ಎಂದು ಹಾಕ್ ಎರಡೂ ಕಡೆ ಹೇಳಿದ್ದಾನೆ. ತನ್ನ ಮಾನ ಹೋಗುವ ಮಾತನ್ನು ಯಾರೂ ಸುಮ್ಮನೆ ಕಟ್ಟುವುದಿಲ್ಲ. ಅದನ್ನು ಉಳಿಸಿಕೊಂಡೆ, ಘೋಷಣೆಗಳನ್ನು ಬದಿಗಿಟ್ಟೆ.

ಮೇಜರ್ ಹೆನ್ರಿ ರಾತ್‌ಬೋನ್ ಬಾಕ್ಸಿನೊಳಗೇ ಇದ್ದವರು, ತೋಳಿಗೆ ಚಾಕು ತಿಂದವರು. ಹೊಗೆಯ ನಡುವೆ ಕೇಳಿದ್ದು 'ಫ್ರೀಡಂ' ಎಂದು ತಮಗೆ ಅನಿಸಿತು ಎಂದರು. ಎಲ್ಲರಿಗಿಂತ ಹತ್ತಿರವಿದ್ದವರು ಅವರೇ ಸರಿ, ಆದರೆ ಗುಂಡು ಹಾರುವವರೆಗೆ ಬಾಗಿಲಿಗೆ ಬೆನ್ನು ಹಾಕಿ ನಾಟಕ ನೋಡುತ್ತಿದ್ದರು. ಹತ್ತಿರವಿದ್ದವನೇ ಒಳ್ಳೆಯ ಸಾಕ್ಷಿ ಎಂಬ ಲೆಕ್ಕವನ್ನು ನಾನು ಯಾವತ್ತೂ ನಂಬಿಲ್ಲ.

ನನಗೆ ಹಿಡಿಸಿದ ಸಾಕ್ಷಿ ಜೇಮ್ಸ್ ಫರ್ಗುಸನ್, ಥಿಯೇಟರ್ ಪಕ್ಕದ ಹೋಟೆಲಿನವನು. ಆವತ್ತು ಉತ್ತರದ ಸೇನಾಪತಿ ಜನರಲ್ ಗ್ರಾಂಟ್ ಬರುತ್ತಾರೆಂಬ ಸುದ್ದಿಯಿತ್ತು. ಅವರನ್ನು ನೋಡುವ ಆಸೆಯಿಂದ ಎದುರುಗಡೆ ಕೂತು ದುರ್ಬೀನು ಹಿಡಿದಿದ್ದ. ಗ್ರಾಂಟ್ ಬರಲಿಲ್ಲ, ಇವನ ಕಣ್ಣು ಮಾತ್ರ ಬಾಕ್ಸಿನ ಮೇಲೇ ಇತ್ತು. ಸಭಾಂಗಣದ ಉಳಿದವರು ನಾಟಕ ನೋಡಿ ನಗುತ್ತಿದ್ದಾಗ ಬಾಕ್ಸಿನ ಕಡೆ ನೋಡಲು ಕಾರಣವಿದ್ದ ಮನುಷ್ಯ ಇವನು. ಬೂತ್ ರಂಗಕ್ಕೆ ಬಿದ್ದೆದ್ದು ಲ್ಯಾಟಿನ್ ಮಾತು ಆಡಿದ ಎಂದು ವಿಚಾರಣೆಯಲ್ಲಿ ನುಡಿದ. 'ದಕ್ಷಿಣದ ಸೇಡು' ಎಂಬ ಕೂಗು ಬಾಕ್ಸಿನಿಂದ ಬಂತು, ಕೂಗಿದ್ದು ಬೂತ್ ಎಂದು ನನಗೆ ಗೊತ್ತಿಲ್ಲ, ಅವನೇ ಇರಬೇಕು ಎಂದೂ ಸೇರಿಸಿದ. ಕಂಡದ್ದು, ಊಹಿಸಿದ್ದು ಎರಡನ್ನೂ ತಾನೇ ಬೇರೆ ಮಾಡಿ ಕೊಡುವ ಸಾಕ್ಷಿ ನನ್ನ ವೃತ್ತಿಯಲ್ಲಿ ಅಪರೂಪ. ಆದರೆ ಇದು ಪತ್ರಿಕೆ ಓದಿದ ಮೇಲಿನ, ಮೇ ತಿಂಗಳ ಸಾಕ್ಷ್ಯ ಎಂಬುದನ್ನೂ ಅಂಚಿನಲ್ಲಿ ಬರೆದುಕೊಂಡೆ. ಲ್ಯಾಟಿನ್ ಮಾತಿಗೆ 'ಬಹುಮಟ್ಟಿಗೆ ಸರಿ' ಎಂದು ಹಾಕಿ, ಉಳಿದ ಕೂಗುಗಳನ್ನು ಪೆನ್ಸಿಲ್ಲಿನಲ್ಲಿ ಬಿಟ್ಟೆ.

ಜಗ್ಗಾಡಿಸಿದ್ದು ಕಾಲಿನ ವಿಷಯ. ಜಿಗಿದಾಗ ಬೂತ್‌ನ ಎಡಗಾಲು ಮುರಿಯಿತು ಎಂಬುದು ಎಲ್ಲರ ಬಾಯಲ್ಲೂ ಇರುವ ಕಥೆ. ಘಟನೆಯ ಬೆನ್ನಿಗೇ ಕೊಟ್ಟ ಹೇಳಿಕೆಗಳಲ್ಲಿ ಅವನು ಓಡಿದ ಎಂದೇ ಹೆಚ್ಚಾಗಿ ಇದೆ. ಕುಂಟಿದ್ದು ಎದ್ದು ಕಾಣುವುದು ವರ್ಷಗಳ ನಂತರದ ನೆನಪುಗಳಲ್ಲಿ. ಪರಾರಿಯ ದಾರಿಯಲ್ಲಿ ಕಾಲಿಗೆ ಪಟ್ಟಿ ಕಟ್ಟಿದ ಡಾ. ಸ್ಯಾಮ್ಯುಯೆಲ್ ಮಡ್‌ಗೆ ಬೂತ್ ಕಡೆಯವರು ಹೇಳಿದ್ದು, ಕುದುರೆ ಬಿದ್ದು ಹೀಗಾಯಿತು ಎಂದು. ಬೂತ್ ಡೈರಿಯಲ್ಲಿ ಬರೆದದ್ದು ಜಿಗಿತದಲ್ಲಿ ಮುರಿಯಿತು ಎಂದು.

"ಅವನೇ ಬರೆದಿದ್ದಾನಲ್ಲ ಸಾರ್, ಇನ್ನೇನು ಬೇಕು?" ಎಂದು ಹಿಂದಿನ ಬೆಂಚಿನವನೊಬ್ಬ ಎದ್ದ. ಡೈರಿಯ ಆ ಪುಟವನ್ನೇ ಓದಲು ಹೇಳಿದೆ. ಪತ್ರಿಕೆಗಳು ಹೇಳಿದಂತಲ್ಲ, ಧೈರ್ಯವಾಗಿ ಹೊಡೆದೆ ಎಂದಿದೆ. ಅಂದರೆ ಪತ್ರಿಕೆ ನೋಡಿ ಉತ್ತರ ಕೊಡುತ್ತಿದ್ದಾನೆ. ಗುಂಡು ಹಾರಿಸುವ ಮೊದಲೇ ಕೂಗಿದೆ ಎನ್ನುತ್ತಾನೆ, ರಾತ್‌ಬೋನ್ ಕೇಳಿದ್ದು ಗುಂಡಿನ ನಂತರ. ಮುರಿದ ಮೂಳೆ ಮಾಂಸ ಹರಿಯುತ್ತಿರಲು ಆ ರಾತ್ರಿ 60 ಮೈಲಿ ಕುದುರೆ ಓಡಿಸಿದೆ ಎಂದೂ ಇದೆ. ಬೆಳಗಿನ ಜಾವ ಅವನು ತಲುಪಿದ್ದ ಮಡ್ ಮನೆ ವಾಷಿಂಗ್ಟನ್ನಿನಿಂದ ಸುಮಾರು 30 ಮೈಲಿ.