ಮಸ್ಕತ್‌ಗೆ ಬರುವವರು ಎಲ್ಲಿ ಉಳಿದುಕೊಳ್ಳಬೇಕು?

ಊರಿಂದ ಯಾರೇ ಹೊರಟರೂ ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ: "ಅಕ್ಕ, ಸಿಟಿ ಸೆಂಟರ್ ಹತ್ತಿರ ಒಂದು ಒಳ್ಳೆ ಹೋಟೆಲ್ ಹೇಳಿ." ನಾನು ಕುಂದಾಪುರದವಳು, ಮದುವೆಯಾಗಿ ಬಂದಾಗಿನಿಂದ ಇರುವುದು ಇಲ್ಲಿಯ ವಾದಿ ಕಬೀರ್‌ನಲ್ಲಿ. ಇಷ್ಟು ವರ್ಷದಲ್ಲಿ ಎಲ್ಲರಿಗೂ ಮೊದಲು ಹೇಳುವ ಮಾತು ಇದು. ಮಸ್ಕತ್‌ನಲ್ಲಿ "ಸಿಟಿ ಸೆಂಟರ್" ಅಂದರೆ ಒಂದು ಮಾಲ್. ಅದು ಸೀಬ್ ಕಡೆ, ಏರ್‌ಪೋರ್ಟ್ ದಾಟಿ ಆಚೆಗಿದೆ. ಹಳೆ ಪೇಟೆ ನೋಡಬೇಕು ಅಂತ ಬಂದವರು ಅಲ್ಲಿ ರೂಮ್ ಹಿಡಿದರೆ ದಿನಾ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡಬೇಕು.

ಈ ಊರಿಗೆ ನಡುಮಧ್ಯ ಅನ್ನುವುದು ಇಲ್ಲ. ಒಂದು ಕಡೆ ಹಜರ್ ಬೆಟ್ಟ, ಇನ್ನೊಂದು ಕಡೆ ಸಮುದ್ರ. ನಡುವಿನ ಪಟ್ಟಿಯಲ್ಲಿ ಊರು ಉದ್ದಕ್ಕೆ ಬೆಳೆದಿದೆ. ಪಶ್ಚಿಮಕ್ಕೆ ಸೀಬ್ ಮತ್ತು ಏರ್‌ಪೋರ್ಟ್. ಅಲ್ಲಿಂದ ಪೂರ್ವಕ್ಕೆ ಬಂದರೆ ಅಝೈಬಾ, ಘುಬ್ರಾ, ಖುವೈರ್, ಕುರುಮ್, ರುವಿ, ಮತ್ರಾ. ಅದೂ ದಾಟಿದರೆ ಅರಮನೆ ಇರುವ ಹಳೆ ಮಸ್ಕತ್. ಏರ್‌ಪೋರ್ಟ್‌ನಿಂದ ಮತ್ರಾಕ್ಕೆ ಸುಮಾರು 35 ಕಿಲೋಮೀಟರ್. ಇವೆಲ್ಲವನ್ನೂ ಪೋಣಿಸುವ ರಸ್ತೆ ಸುಲ್ತಾನ್ ಖಾಬೂಸ್ ಸ್ಟ್ರೀಟ್. ಆದ್ದರಿಂದ ಹೋಟೆಲ್ ಚೆನ್ನಾಗಿದೆಯಾ ಅಂತ ನೋಡುವುದಕ್ಕೆ ಮೊದಲು, ಈ ಪಟ್ಟಿಯಲ್ಲಿ ನಿಮಗೆ ಎಲ್ಲಿ ಕೆಲಸ ಜಾಸ್ತಿ ಅಂತ ಯೋಚಿಸಿ.

ಅದಕ್ಕೂ ಮೊದಲು ಇನ್ನೊಂದು ತೀರ್ಮಾನ ಆಗಬೇಕು. ಕಾರು ಬಾಡಿಗೆಗೆ ತಗೊಳ್ತೀರಾ, ಇಲ್ವಾ?

ಕಾರು ಬೇಡ ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ರುವಿ. ಮವಾಸಲಾತ್ ಬಸ್ಸುಗಳ ಮುಖ್ಯ ನಿಲ್ದಾಣ ಇರುವುದು ಇಲ್ಲೇ. ಇಲ್ಲಿಂದ ಮತ್ರಾಕ್ಕೆ ಬಸ್ಸಿದೆ, ಸುಲ್ತಾನ್ ಖಾಬೂಸ್ ಸ್ಟ್ರೀಟ್ ಉದ್ದಕ್ಕೂ ಮಬೇಲಾವರೆಗೆ ಹೋಗುವ 1ನೇ ನಂಬರ್ ಬಸ್ಸೂ ಇದೆ. ಹೋಟೆಲ್ ದರ ಕಮ್ಮಿ. ಇಡ್ಲಿ, ದೋಸೆ, ಅನ್ನ ಸಾರು ಸಿಗುವ ಸಸ್ಯಾಹಾರಿ ಹೋಟೆಲ್‌ಗಳು ನಡೆದು ಹೋಗುವ ದೂರದಲ್ಲೇ ಇವೆ. ಮಂಗಳೂರು, ಉಡುಪಿ ಕಡೆಯವರು ಈ ಊರಲ್ಲಿ ಎಷ್ಟೊಂದು ಜನ! ರುವಿಯ ಅಂಗಡಿ ಸಾಲಿನಲ್ಲಿ ಸಂಜೆ ಹೊತ್ತು ತುಳು, ಕನ್ನಡ ಕಿವಿಗೆ ಬೀಳದೆ ಇರುವುದಿಲ್ಲ. ದೇವಸ್ಥಾನಕ್ಕೆ ಹೋಗಬೇಕು ಅನ್ನುವ ಹಿರಿಯರಿಗೂ ಇದೇ ಅನುಕೂಲ. ಕೃಷ್ಣನ ದೇವಸ್ಥಾನ ಪಕ್ಕದ ದರ್ಸೈಟ್‌ನಲ್ಲಿದೆ, ಶಿವನ ದೇವಸ್ಥಾನ ಹಳೆ ಮಸ್ಕತ್‌ನಲ್ಲಿ, ಅರಮನೆಯ ಹತ್ತಿರ.

ರುವಿಯಲ್ಲಿ ಕಷ್ಟವೂ ಇದೆ. ಸುತ್ತ ಬೋಳು ಕಲ್ಲುಬೆಟ್ಟ, ಹಾಗಾಗಿ ರಾತ್ರಿಯಾದರೂ ಸೆಕೆ ಬೇಗ ಇಳಿಯುವುದಿಲ್ಲ. ಸಮುದ್ರ ಕಾಣುವುದಿಲ್ಲ. ಶುಕ್ರವಾರ ರಜೆಯ ದಿನ, ಸಂಜೆ ಕೆಲಸಗಾರರೆಲ್ಲ ಪೇಟೆಗೆ ಬರುತ್ತಾರೆ, ರುವಿ ಹೈ ಸ್ಟ್ರೀಟ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನಗೆ ಆ ಗದ್ದಲ ಇಷ್ಟ. ಚಿಕ್ಕ ಮಕ್ಕಳಿರುವವರು ಸ್ವಲ್ಪ ಈಚೆ, ಬ್ಯಾಂಕುಗಳಿರುವ, ಸಿಬಿಡಿ ಅನ್ನುವ ವಾಣಿಜ್ಯ ಭಾಗದ ಕಡೆ ನೋಡಿದರೆ ಒಳ್ಳೆಯದು. ಇನ್ನೊಂದು ವಿಷಯ, ಈ ಭಾಗದ ಕೆಲವು ಹೋಟೆಲ್‌ಗಳಲ್ಲಿ ಬಾರ್ ಇದೆ, ರಾತ್ರಿ ತಡವಾಗಿ ಹಾಡು ಕುಣಿತ ನಡೆಯುತ್ತದೆ. ಜನ ಬರೆದಿರುವ ರಿವ್ಯೂಗಳಲ್ಲಿ "ಮ್ಯೂಸಿಕ್" ಅನ್ನುವ ಪದ ಹುಡುಕಿ ನೋಡಿ. ಅದೇ ಹೋಟೆಲ್ ಬೇಕು ಅಂತಿದ್ದರೆ ಬಾರ್‌ನಿಂದ ದೂರದ, ಮೇಲಿನ ಮಹಡಿಯ ರೂಮ್ ಕೇಳಿ.

ಮತ್ರಾ ನೋಡಲು ಎಲ್ಲಕ್ಕಿಂತ ಚಂದ. ಸಮುದ್ರದಂಚಿನ ಕಾರ್ನಿಶ್ ರಸ್ತೆಯ ಮೇಲೆ ನಿಂತರೆ ಎದುರಿಗೆ ಬಂದರು, ಹಿಂದೆ ಬೆಟ್ಟದ ಮೇಲೆ ಕೋಟೆ, ನಡುವೆ ಸೂಕ್, ಅಂದರೆ ಹಳೆ ಪೇಟೆ. ಬೆಳಿಗ್ಗೆ ಬೇಗ ಎದ್ದು ಮೀನು ಮಾರ್ಕೆಟ್‌ಗೆ ನಡೆದುಕೊಂಡೇ ಹೋಗಬಹುದು. ಕರಾವಳಿಯವರಿಗೆ ಅಲ್ಲಿ ಅಂಜಲ್ ಮೀನಿನ ಸಾಲು ನೋಡುವುದೇ ಒಂದು ಖುಷಿ. ಆದರೆ ಇಲ್ಲಿಯ ಹೋಟೆಲ್‌ಗಳು ಹೆಚ್ಚಿನವು ಸಣ್ಣವು, ಹಳೆಯವು. ಲಿಫ್ಟ್ ಇದೆಯಾ ಅಂತ ಕೇಳಿಯೇ ಬುಕ್ ಮಾಡಿ. ಕಾರು ನಿಲ್ಲಿಸುವುದು ತಲೆನೋವು. ಸೂಕ್ ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುತ್ತದೆ, ಶುಕ್ರವಾರ ಬೆಳಿಗ್ಗೆ ಮುಚ್ಚಿಯೇ ಇರುತ್ತದೆ. ಹತ್ತಿರವೇ ಉಳಿದುಕೊಂಡರೆ ಮಧ್ಯಾಹ್ನ ರೂಮಿಗೆ ಬಂದು ಒಂದು ನಿದ್ದೆ ಮಾಡಿ, ಸಂಜೆ ಮತ್ತೆ ಇಳಿಯಬಹುದು. ಇಬ್ಬರೇ ಬರುತ್ತೀರಿ, ಮೂರು ದಿನದ ಮಟ್ಟಿಗೆ, ನಡೆಯಲು ಇಷ್ಟ ಅಂದರೆ ನನ್ನ ಓಟು ಮತ್ರಾಕ್ಕೆ.

ಮನೆಮಂದಿಯೆಲ್ಲ ಬರುವವರಿಗೆ ಖುವೈರ್ ಅಥವಾ ಘುಬ್ರಾ. ಊರಿನ ಎರಡೂ ತುದಿಗೆ ಹೆಚ್ಚುಕಮ್ಮಿ ಸಮ ದೂರ. 2001ರಲ್ಲಿ ಉದ್ಘಾಟನೆಯಾದ ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿ ಇದೇ ಭಾಗದಲ್ಲಿದೆ. ಮುಸ್ಲಿಮರಲ್ಲದವರನ್ನು ಅಲ್ಲಿ ಬಿಡುವುದು ಶನಿವಾರದಿಂದ ಗುರುವಾರದವರೆಗೆ, ಬೆಳಿಗ್ಗೆ 8ರಿಂದ 11 ಗಂಟೆ ಮಾತ್ರ. ಹೆಂಗಸರು ತಲೆಗೆ ಬಟ್ಟೆ ಹಾಕಬೇಕು, ಕೈಕಾಲು ಪೂರ್ತಿ ಮುಚ್ಚಬೇಕು. ಮಕ್ಕಳನ್ನು ಎಬ್ಬಿಸಿ, ತಿಂಡಿ ತಿನ್ನಿಸಿ, ಮತ್ರಾದಿಂದ ಹೊರಟು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಘುಬ್ರಾದಲ್ಲಿದ್ದರೆ ನಿಧಾನಕ್ಕೆ ಹೊರಡಬಹುದು.

ಇಲ್ಲಿ ಮ್ಯಾಪ್ ನೋಡುವಾಗ ಮಾತ್ರ ಬಹಳ ಹುಷಾರಾಗಿರಬೇಕು. ನನ್ನ ಚಿಕ್ಕಮ್ಮನ ಮಗ ಖುವೈರ್‌ನಲ್ಲಿ ರೂಮ್ ಹಿಡಿದಿದ್ದ. ಮ್ಯಾಪ್‌ನಲ್ಲಿ ಬೀಚ್ ಒಂದೂವರೆ ಕಿಲೋಮೀಟರ್ ತೋರಿಸುತ್ತಿತ್ತು, ಸಂಜೆ ಮಕ್ಕಳ ಜೊತೆ ನಡೆದು ಹೋಗೋಣ ಅಂತ ಲೆಕ್ಕ. ಹೋಟೆಲ್ ಇದ್ದದ್ದು ಹೈವೇಯ ಬೆಟ್ಟದ ಬದಿ, ಬೀಚ್ ಸಮುದ್ರದ ಬದಿ. ನಡುವೆ ಹತ್ತಾರು ಸಾಲಿನಲ್ಲಿ ಕಾರುಗಳು ಬಿಡುವಿಲ್ಲದೆ ಓಡುವ ರಸ್ತೆ, ಎರಡೂ ಕಡೆ ಬೇಲಿ. ಕಾಲ್ಸೇತುವೆ ಇರುವುದು ಅಲ್ಲೊಂದು ಇಲ್ಲೊಂದು. ಬಿಸಿಲಲ್ಲಿ ಅಲ್ಲಿವರೆಗೆ ನಡೆಯಲು ಮಕ್ಕಳಿಗೆ ಆಗಲಿಲ್ಲ, ಕೊನೆಗೆ ದಿನಾ ಟ್ಯಾಕ್ಸಿ. ಆದ್ದರಿಂದ ಹೋಟೆಲ್ ಹೈವೇಯ ಯಾವ ಬದಿಗಿದೆ ಅಂತ ಮೊದಲು ನೋಡಿ. ನೇರ ಗೆರೆಯ ದೂರ ನಂಬಬೇಡಿ, ಮ್ಯಾಪ್‌ನಲ್ಲಿ ನಡೆಯುವ ದಾರಿ ಹಾಕಿ ನೋಡಿ. ಬೀಚೇ ಮುಖ್ಯ ಅಂದರೆ ಸಮುದ್ರದ ಬದಿಯ ಶಾತಿ ಅಲ್ ಕುರುಮ್‌ನಲ್ಲೇ ಹುಡುಕಿ. ಒಪೇರಾ ಹೌಸ್ ಇರುವುದೂ ಅಲ್ಲೇ. ದುಡ್ಡು ಜಾಸ್ತಿ ಆಗುತ್ತದೆ, ಆದರೆ ಸಂಜೆಯ ನಡಿಗೆ ದಕ್ಕುತ್ತದೆ.

ನಾಲ್ಕು ದಿನಕ್ಕಿಂತ ಜಾಸ್ತಿ ಇರುವವರು, ವಯಸ್ಸಾದ ಅಪ್ಪ ಅಮ್ಮನನ್ನು ಕರೆತರುವವರು ಹೋಟೆಲ್ ಅಪಾರ್ಟ್‌ಮೆಂಟ್ ನೋಡಿ. ಎರಡು ಬೆಡ್‌ರೂಮ್, ಒಂದು ಹಾಲ್, ಅಡುಗೆಮನೆ, ಬಟ್ಟೆ ಒಗೆಯುವ ಮಷಿನ್. ಎರಡು ಹೋಟೆಲ್ ರೂಮಿಗಿಂತ ಎಷ್ಟೋ ಸಲ ಇದೇ ಅಗ್ಗ. ಫೋಟೋದಲ್ಲಿ ಒಲೆ ಕಂಡರೆ ಸಾಲದು. ಪಾತ್ರೆ, ಕುಕ್ಕರ್ ಇದೆಯಾ ಅಂತ ಫೋನ್ ಮಾಡಿ ಕೇಳಿ. ಸುಮಾರು ಕಡೆ ಒಂದು ಕೆಟಲ್, ನಾಲ್ಕು ಪ್ಲೇಟ್ ಬಿಟ್ಟರೆ ಏನೂ ಇರುವುದಿಲ್ಲ. ನನ್ನ ಅತ್ತೆಯವರ ಕಡೆಯವರು ಬಂದಾಗ ಒಂದು ಸಣ್ಣ ಕುಕ್ಕರ್ ನಾನೇ ಕೊಟ್ಟು ಬರುತ್ತೇನೆ. ಅಕ್ಕಿ, ಕರಿಬೇವು, ತೆಂಗಿನಕಾಯಿ, ಮೊಸರು ಎಲ್ಲ ಬೌಶರ್ ಅಥವಾ ದರ್ಸೈಟ್‌ನ ಲುಲು ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ರಂಜಾನ್ ತಿಂಗಳಲ್ಲಿ ಬರುವವರಿಗಂತೂ ಅಡುಗೆಮನೆ ಬೇಕೇ ಬೇಕು. ಹಗಲು ಹೆಚ್ಚಿನ ಊಟದ ಹೋಟೆಲ್‌ಗಳು ಮುಚ್ಚಿರುತ್ತವೆ, ಹೊರಗೆ ನಾಲ್ಕು ಜನರ ಎದುರು ತಿನ್ನುವ, ಕುಡಿಯುವ ಹಾಗಿಲ್ಲ.

ಕಾರು ತಗೊಳ್ಳುವವರು ಲೆಕ್ಕವನ್ನು ಬೇರೆ ಥರ ಹಾಕಬೇಕು. ಇಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ, ಸ್ಟೀರಿಂಗ್ ಎಡಕ್ಕೆ. ಊರಿನ ಆರ್‌ಟಿಒದಲ್ಲೇ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ. ಮಸ್ಕತ್‌ನಿಂದ ಹೊರಗೆ ಯಾವ ದಿಕ್ಕಿಗೆ ಹೋಗುತ್ತೀರಿ ಅನ್ನುವುದರ ಮೇಲೆ ಜಾಗ ಆರಿಸಿ. ನಿಜ್ವಾದ ರಸ್ತೆ ಒಡೆಯುವುದು ಏರ್‌ಪೋರ್ಟ್ ಹತ್ತಿರ. ನಿಜ್ವಾದ ಶುಕ್ರವಾರದ ಆಡಿನ ಸಂತೆ ನೋಡಬೇಕು ಅಂದರೆ ಬೆಳಗಿನ ಜಾವವೇ ಹೊರಡಬೇಕು, ಹಿಂದಿನ ರಾತ್ರಿ ಅಝೈಬಾ ಅಥವಾ ಸೀಬ್ ಕಡೆ ಇದ್ದರೆ ಎಷ್ಟೋ ಸುಲಭ. ದೈಮಾನಿಯಾತ್ ದ್ವೀಪಗಳಿಗೆ ಹೋಗುವ ದೋಣಿಗಳೂ ಈ ಕಡೆಯ ಅಲ್ ಮೌಜ್ ಮರೀನಾದಿಂದ ಹೊರಡುತ್ತವೆ. ಬಿಮ್ಮಾ ಸಿಂಕ್‌ಹೋಲ್, ವಾದಿ ಶಾಬ್, ಸೂರ್ ಎಲ್ಲ ಎದುರು ದಿಕ್ಕು, ಖುರಿಯಾತ್ ದಾರಿ. ಅದಕ್ಕೆ ರುವಿ, ಕುರುಮ್ ಹತ್ತಿರ. ಎರಡೂ ಕಡೆ ಹೋಗುವವರು ಒಂದೇ ಹೋಟೆಲ್‌ಗೆ ಅಂಟಿಕೊಳ್ಳಬೇಕಾಗಿಲ್ಲ. ಮೊದಲು ಪೂರ್ವದಲ್ಲಿದ್ದು, ಕೊನೆಯ ಎರಡು ರಾತ್ರಿ ಏರ್‌ಪೋರ್ಟ್ ಕಡೆ ಬನ್ನಿ, ವಿಮಾನಕ್ಕೂ ಹತ್ತಿರವಾಗುತ್ತದೆ.

ಅಲ್ ಬುಸ್ತಾನ್ ಪ್ಯಾಲೇಸ್ ಹೋಟೆಲಿನಂಥ ದೊಡ್ಡ ರೆಸಾರ್ಟ್‌ಗಳು ಬೆಟ್ಟದ ಆಚೆ, ತಮ್ಮದೇ ಕೊಲ್ಲಿಯಲ್ಲಿವೆ. ಈಜುಕೊಳ, ಸಮುದ್ರ, ವಿಶ್ರಾಂತಿ ಸಾಕು ಅನ್ನುವವರಿಗೆ ಸರಿ. ಊರು ನೋಡುವ ಆಸೆ ಇದ್ದವರಿಗೆ ಪ್ರತಿ ಸಲ ಟ್ಯಾಕ್ಸಿ ಬೇಕು.

ಇನ್ನು ದುಡ್ಡಿನ ವಿಷಯ. ಒಂದು ರಿಯಾಲ್ ಅಂದರೆ ಸುಮಾರು 2.6 ಡಾಲರ್, ಇನ್ನೂರು ರೂಪಾಯಿಗೂ ಮೇಲೆ. ಐದು ರಿಯಾಲ್ ವ್ಯತ್ಯಾಸ ನೋಡಲು ಸಣ್ಣದು, ನಮ್ಮ ಲೆಕ್ಕದಲ್ಲಿ ಸಾವಿರ ದಾಟುತ್ತದೆ. ತೋರಿಸುವ ದರದಲ್ಲಿ ತೆರಿಗೆ ಸೇರಿದೆಯಾ ನೋಡಿ. 2021ರಿಂದ ಶೇ. 5 ವ್ಯಾಟ್ ಇದೆ, ಅದರ ಮೇಲೆ ಮುನಿಸಿಪಾಲಿಟಿ ಮತ್ತು ಟೂರಿಸಂ ತೆರಿಗೆ, ದೊಡ್ಡ ಹೋಟೆಲ್‌ಗಳಲ್ಲಿ ಸರ್ವಿಸ್ ಚಾರ್ಜ್ ಬೇರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹವೆ ಹಿತ, ದರ ಮೇಲೆ. ಜೂನ್‌ನಲ್ಲಿ ಅದೇ ರೂಮ್ ತುಂಬಾ ಅಗ್ಗ, ಆದರೆ 40 ಡಿಗ್ರಿ ದಾಟುವ ಬಿಸಿಲಲ್ಲಿ ಹಗಲು ಹೊರಗೆ ಕಾಲಿಡಲಾಗದು.

ತಾರೀಖು ಎರಡು ಸಲ ನೋಡಿ. ವಿಮಾನ ರಾತ್ರಿ ಒಂದಕ್ಕೆ ಇಳಿದರೆ ರೂಮ್ ಹಿಂದಿನ ದಿನದ ತಾರೀಖಿಗೆ ಇರಬೇಕು. ಇಲ್ಲದಿದ್ದರೆ ಮಧ್ಯಾಹ್ನ ಎರಡರ ಚೆಕ್ ಇನ್‌ವರೆಗೆ ಲಾಬಿಯಲ್ಲಿ ಸುಮ್ನೆ ಕೂರಬೇಕು, ಅಲ್ವಾ? ಹೋಟೆಲ್ ವಿಳಾಸದಲ್ಲಿ "ವೇ ನಂಬರ್" ಅಂತ ಬರೆದಿರುತ್ತದೆ, ಅದನ್ನು ಹೇಳಿದರೆ ಟ್ಯಾಕ್ಸಿಯವರಿಗೆ ಗೊತ್ತಾಗುವುದು ಕಷ್ಟ. ಹತ್ತಿರದ ಮಸೀದಿ, ಪೆಟ್ರೋಲ್ ಬಂಕ್ ಅಥವಾ ಮಾಲ್ ಯಾವುದು ಅಂತ ಹೋಟೆಲ್‌ನವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಕಿತ್ತಳೆ ಬಿಳಿ ಟ್ಯಾಕ್ಸಿಯನ್ನು ರಸ್ತೆಯಲ್ಲಿ ಕೈ ತೋರಿಸಿ ಹತ್ತುವುದಾದರೆ "ಎಂಗೇಜ್ಡ್" ಅಂತ ಮೊದಲೇ ಹೇಳಿ ದರ ಮಾತಾಡಿಕೊಳ್ಳಿ, ಇಲ್ಲದಿದ್ದರೆ ದಾರಿಯಲ್ಲಿ ಬೇರೆಯವರನ್ನೂ ಹತ್ತಿಸಿಕೊಳ್ಳಬಹುದು. ಸಾಮಾನು, ಮಕ್ಕಳು ಜೊತೆಗಿದ್ದರೆ ಓಟ್ಯಾಕ್ಸಿ ಆ್ಯಪ್‌ನಲ್ಲಿ ಕರೆಸಿಕೊಳ್ಳುವುದೇ ವಾಸಿ.