ಹವಳದ ತೊಟ್ಟಿಯಲ್ಲಿ ಟ್ರಿಗರ್ ಮೀನು: ನನ್ನ ಅನುಭವ

ತೀರ್ಥಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಉಪ್ಪುನೀರಿನ ತೊಟ್ಟಿಯೊಂದಿದೆ. ಅದರಲ್ಲಿ ಮೃದು ಹವಳಗಳ ಜೊತೆಗೆ ಟ್ರಿಗರ್ ಮೀನನ್ನು ಸಾಕುತ್ತೇನೆಂದಾಗ, ಈ ಹವ್ಯಾಸದಲ್ಲಿ ನನಗಿಂತ ಹಳಬರಾದ ಗೆಳೆಯರೆಲ್ಲ ಅದು ತೊಟ್ಟಿಯ ಉಳಿದ ಜೀವಿಗಳನ್ನು ತಿಂದುಹಾಕುತ್ತದೆ, ಬೇಡವೆಂದೇ ಹೇಳಿದ್ದರು. ಅವರ ಮಾತು ಅರ್ಧ ನಿಜ. ಎಲ್ಲ ಟ್ರಿಗರ್ ಮೀನುಗಳ ಹೊಟ್ಟೆಪಾಡೂ ಒಂದೇ ಬಗೆಯದಲ್ಲ ಎಂಬುದನ್ನು ಗಮನಿಸದೆ ಕೊಂಡರೆ ಅವರು ಹೇಳಿದಂತೆಯೇ ಆಗುತ್ತದೆ. ನನ್ನ ಮೊದಲ ಮೀನಿನ ವಿಷಯದಲ್ಲಿ ಹಾಗೆಯೇ ಆಯಿತು.

ಅದು ಎರಡಂಗುಲದ ಪಿಕಾಸೊ ಟ್ರಿಗರ್. 'ಹವಳಕ್ಕೆ ಏನೂ ಮಾಡೋದಿಲ್ಲ ಸಾರ್' ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ತಂದೆ. ಹವಳವನ್ನು ಅದು ಮುಟ್ಟಲಿಲ್ಲವೆನ್ನುವುದು ನಿಜ, ಆದರೆ ಮೂರು ತಿಂಗಳೊಳಗೆ ಪಾಚಿ ತಿನ್ನಲೆಂದು ಬಿಟ್ಟಿದ್ದ ಬಸವನಹುಳುಗಳಲ್ಲಿ ಒಂದೂ ಉಳಿಯಲಿಲ್ಲ. ಬಾಯಿಂದ ನೀರನ್ನು ರಭಸವಾಗಿ ಊದಿ ಮರಳನ್ನು ಕೆದರುವುದು, ಚಿಪ್ಪನ್ನು ಮಗುಚುವುದು, ಆಮೇಲೆ ಉಳಿಯಂಥ ಹಲ್ಲಿನಿಂದ ಒಡೆಯುವುದು ಅದರ ಕ್ರಮ. ಸನ್ಯಾಸಿ ಏಡಿಗಳು ಮುಗಿದ ಮೇಲೆ ಗಾಳಿಯ ಕೊಳವೆಯನ್ನು ಕಡಿಯತೊಡಗಿತು, ಹೀಟರಿನ ವೈರಿನ ಮೇಲೂ ಹಲ್ಲಿನ ಗುರುತು ಕಂಡಿತು. ಕಡಲಿನಲ್ಲಿ ತಳದ ಏಡಿ, ಶಂಖ, ಕಡಲಮುಳ್ಳುಗಳನ್ನು ಒಡೆದು ತಿನ್ನುವ ಪ್ರಾಣಿ ಅದು. ತೊಟ್ಟಿಗೆ ಬಂದೊಡನೆ ಕುಲಕಸುಬನ್ನು ಬಿಡಬೇಕೆಂದು ನಿರೀಕ್ಷಿಸಿದವನು ನಾನು. ಕೊನೆಗೆ ಬರಿಯ ಮೀನುಗಳನ್ನಷ್ಟೇ ಸಾಕುವ ಶಿವಮೊಗ್ಗದ ಗೆಳೆಯರೊಬ್ಬರಿಗೆ ಅದನ್ನು ಕೊಟ್ಟೆ.

ಟ್ರಿಗರ್ ಮೀನುಗಳಲ್ಲಿ ಸುಮಾರು 40 ಪ್ರಭೇದಗಳಿವೆ. ಹವಳದ ತೊಟ್ಟಿಗೆ ಹೊಂದುವುದು ನಡುನೀರಿನಲ್ಲಿ ಈಜುತ್ತ ತೇಲಿಬರುವ ಪುಟ್ಟ ಜೀವಿಗಳನ್ನು ಹೆಕ್ಕಿ ತಿನ್ನುವ ಕೆಲವು ಮಾತ್ರ, ಮತ್ತು ಅವುಗಳನ್ನು ಗುರುತಿಸಲು ನಾನು ಮೊದಲು ನೋಡುವುದು ಬಾಯಿಯನ್ನು. ಬ್ಲೂಥ್ರೋಟ್ ಟ್ರಿಗರಿನ ಕೆಳದವಡೆ ಮುಂಚಾಚಿ ಬಾಯಿ ತುಸು ಮೇಲ್ಮುಖವಾಗಿರುತ್ತದೆ. ಮಲ್ಪೆ, ಮಂಗಳೂರಿನ ಕಡೆ 'ಕಾರ್ಗಿಲ್' ಎಂದು ಕರೆಯುವ ಕಪ್ಪುನೀಲಿ ಮೀನಿನ ಬಾಯಿಯೂ ಹಾಗೆಯೇ. ಅದೂ ಟ್ರಿಗರೇ, ಆದರೆ ಒಂದಡಿ ಮೀರಿ ಬೆಳೆಯುವುದರಿಂದ ನಮ್ಮ ತೊಟ್ಟಿಗೆ ದೊಡ್ಡದಾಯಿತು. ನಾನು ಆರಿಸಿಕೊಂಡದ್ದು ಬ್ಲೂಥ್ರೋಟನ್ನು. ಗಂಡಿಗೆ ಗಂಟಲಿನಲ್ಲಿ ನೀಲಿ ಮಚ್ಚೆ, ರೆಕ್ಕೆಗಳಿಗೆ ಹಳದಿ ಅಂಚು. ಹೆಣ್ಣಿಗೆ ಇವೆರಡೂ ಇಲ್ಲ. ಹವಳಗಳ ವಿಷಯದಲ್ಲಿ ಇನ್ನೊಂದು ಮಾತು: ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವುದರಿಂದ ನಮ್ಮ ಕಡಲಿನಿಂದ ತೆಗೆದ ಹವಳವನ್ನಾಗಲಿ ಹವಳದ ಬಂಡೆಯನ್ನಾಗಲಿ ನಾನು ಕೊಳ್ಳುವುದಿಲ್ಲ. ಬಂಡೆಗಳು ಕೃತಕವಾದವು, ಅಣಬೆ ಹವಳ, ಗುಂಡಿಯಂಥ ಜೋಯಾಂಥಿಡ್ ಮುಂತಾದವು ಬೇರೊಬ್ಬರ ತೊಟ್ಟಿಯಲ್ಲಿ ಬೆಳೆದು ತುಂಡು ಮಾಡಿದವು.

ಮೀನು ಬೆಂಗಳೂರಿನಿಂದ ರಾತ್ರಿಯ ಬಸ್ಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಂತು. ಬೆನ್ನಿನ ಮುಳ್ಳು ಚೀಲವನ್ನು ಚುಚ್ಚುವುದರಿಂದ ಎರಡು ಚೀಲ ಹಾಕಿ ನಡುವೆ ದಿನಪತ್ರಿಕೆಯ ಹಾಳೆ ಸುತ್ತಿಸಿದ್ದೆ. ಅಷ್ಟು ಹೊತ್ತು ಮುಚ್ಚಿದ್ದ ಚೀಲದ ನೀರಿನಲ್ಲಿ ಅಮೋನಿಯಾ ಸೇರಿರುತ್ತದೆ, ಇಂಗಾಲದ ಡೈಆಕ್ಸೈಡಿನಿಂದ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿದಿರುವುದರಿಂದ ಅದರ ವಿಷ ಅಷ್ಟಾಗಿ ತಟ್ಟಿರುವುದಿಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರಿ ಅದೇ ಅಮೋನಿಯಾ ಮಾರಕವಾಗುತ್ತದೆ. ಆದ್ದರಿಂದ ಹೊಸ ಮೀನನ್ನು ಒಗ್ಗಿಸಲು ಚೀಲದ ನೀರಿಗೆ ಗಂಟೆಗಟ್ಟಲೆ ಹನಿಹನಿಯಾಗಿ ತೊಟ್ಟಿಯ ನೀರು ಬೆರೆಸುವ ಪದ್ಧತಿಯನ್ನು ಕೈಬಿಟ್ಟೆ. ಚೀಲದ ನೀರಿನಷ್ಟೇ ಲವಣಾಂಶವಿರುವ ನೀರನ್ನು ಬೇರೆ ತೊಟ್ಟಿಯಲ್ಲಿ ಮೊದಲೇ ಸಿದ್ಧಮಾಡಿ, ಉಷ್ಣತೆ ಹೊಂದಿದೊಡನೆ ಮೀನನ್ನು ಅದಕ್ಕೆ ಬಿಟ್ಟೆ. ಪರೋಪಜೀವಿಗಳು ಸಾಯಲೆಂದು ನಾಲ್ಕು ವಾರ ತಾಮ್ರದ ಔಷಧಿ ಕೊಟ್ಟದ್ದು ಅಲ್ಲಿಯೇ, ಏಕೆಂದರೆ ತಾಮ್ರವನ್ನು ಹವಳವೂ ಸಿಗಡಿಯೂ ತಾಳುವುದಿಲ್ಲ.

ದೊಡ್ಡ ತೊಟ್ಟಿಗೆ ಎಲ್ಲಕ್ಕಿಂತ ಕೊನೆಯಲ್ಲಿ ಸೇರಿಸಿದ್ದು ಟ್ರಿಗರನ್ನೇ. ಮೊದಲೇ ಅಲ್ಲಿ ನೆಲೆಸಿದ್ದ ಎರಡು ಕ್ಲೀನರ್ ಸಿಗಡಿಗಳನ್ನು ಅದು ತಿನ್ನಲಿಲ್ಲ, ಕೆಲವೇ ದಿನಗಳಲ್ಲಿ ಅವುಗಳ ಮುಂದೆ ನಿಂತು ಮೈ ಸ್ವಚ್ಛ ಮಾಡಿಸಿಕೊಳ್ಳತೊಡಗಿತು. ಧೈರ್ಯ ಬಂದು ಆರು ತಿಂಗಳ ಮೇಲೆ ಅದೇ ಜಾತಿಯ ಮೂರನೆಯ ಸಿಗಡಿಯನ್ನು ಬಿಟ್ಟೆ. ಬೆಳಗಾಗುವಷ್ಟರಲ್ಲಿ ಅದರ ಮೀಸೆ ಮಾತ್ರ ಉಳಿದಿತ್ತು. ಮೇಲಿನಿಂದ ನೀರಿಗೆ ಬೀಳುವುದೆಲ್ಲ ಊಟವೆಂದು ನಾನೇ ಅದಕ್ಕೆ ಕಲಿಸಿದ್ದೆನಲ್ಲ! ದಿನಕ್ಕೆ ಮೂರು ಸಲ ಸ್ವಲ್ಪಸ್ವಲ್ಪವೇ ತಿನ್ನಿಸುತ್ತೇನೆ. ಆಗುಂಬೆ ಘಾಟಿ ಹತ್ತಿ ಬರುವ ಮೀನಿನ ಗಾಡಿಯಲ್ಲಿ ಸಿಗಡಿ, ಬೊಂಡಾಸು (ಸ್ಕ್ವಿಡ್), ಮರುವಾಯಿ ಎಂಬ ಚಿಪ್ಪುಜೀವಿ ಸಿಗುತ್ತವೆ. ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ ಫ್ರೀಜರಿನಲ್ಲಿಡುತ್ತೇನೆ. ಹಲ್ಲು ಸವೆಯಲೆಂದು ವಾರಕ್ಕೊಮ್ಮೆ ಚಿಪ್ಪಿನ ಸಮೇತ ಒಂದು ಮರುವಾಯಿ. ಇಷ್ಟು ತಿನ್ನುವ ಮೀನು ನೀರನ್ನು ಹೊಲಸು ಮಾಡುವುದೂ ಅಷ್ಟೇ. ಹೊಲಸನ್ನು ನೊರೆಯೊಡನೆ ಹೊರತೆಗೆಯುವ ಸ್ಕಿಮ್ಮರನ್ನು ತೊಟ್ಟಿಗೆ ಹೇಳಿದ್ದಕ್ಕಿಂತ ಒಂದು ಅಳತೆ ದೊಡ್ಡದು ಹಾಕಿದ್ದೇನೆ, ವಾರಕ್ಕೆ 60 ಲೀಟರ್ ನೀರು ಬದಲಿಸುತ್ತೇನೆ.

ಇಷ್ಟಾದರೂ ನನ್ನ ನಿದ್ದೆ ಕೆಡಿಸಿದ್ದು ಮೀನಿನ ಹಲ್ಲಲ್ಲ, ನಮ್ಮ ಮಳೆಗಾಲ. ಆರಿದ್ರೆಯಿಂದ ಆಶ್ಲೇಷದವರೆಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ನೀರಿನ ಓಡಾಟ ನಿಂತರೆ ಮೊದಲು ಏದುಸಿರು ಬಿಡುವುದು ದೊಡ್ಡ ಮೀನು. 20 ವ್ಯಾಟಿನ ಒಂದು ಪಂಪನ್ನು ಮಾತ್ರ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರಿಗೆ ಜೋಡಿಸಿದ ಮೇಲೆ ಒಂದು ಹಗಲು ಒಂದು ರಾತ್ರಿ ಯಾವ ಆತಂಕವೂ ಇಲ್ಲದೆ ಕಳೆಯುತ್ತದೆ. ಎರಡನೆಯ ಕಾಟ ಉಪ್ಪಿನದು. ಚೀಲ ಬಿಚ್ಚಿಟ್ಟ ಕೃತಕ ಕಡಲುಪ್ಪು ನಮ್ಮ ಥಂಡಿಗೆ ಹದಿನೈದೇ ದಿನದಲ್ಲಿ ಕಲ್ಲಾಯಿತು. ಅದನ್ನೇ ಕುಟ್ಟಿ ಕರಗಿಸಿದಾಗ ಬಕೆಟ್ಟಿನ ತಳದಲ್ಲಿ ಬಿಳಿಯ ಗಸಿ ಉಳಿಯಿತು, ಅಳೆದು ನೋಡಿದರೆ ಕ್ಷಾರತೆ ಇಳಿದಿತ್ತು. ಈಗ ಭದ್ರ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಡುತ್ತೇನೆ. ಇನ್ನು ಕಿಟಕಿಗಳನ್ನೆಲ್ಲ ಮುಚ್ಚಿ ಕೂತ ದಿನಗಳಲ್ಲಿ ಮನೆಯೊಳಗಿನ ಗಾಳಿಯಲ್ಲಿ ಸೇರಿಕೊಂಡ ಇಂಗಾಲದ ಡೈಆಕ್ಸೈಡಿನಿಂದಲೇ ಪಿಎಚ್ 7.8ಕ್ಕೆ ಇಳಿಯುತ್ತಿತ್ತು, ಸ್ಕಿಮ್ಮರಿನ ಗಾಳಿಯ ಕೊಳವೆಯನ್ನು ಕಿಟಕಿಯಾಚೆ ಬಿಟ್ಟ ಮೇಲೆ ಅದು ಸರಿಹೋಯಿತು.

ಕಳೆದ ಮಳೆಗಾಲದಲ್ಲಿ ಒಂದು ಬಂಡೆಯನ್ನು ಸರಿಸಬೇಕಾಗಿ ಬಂದಾಗ ಮೀನು ಅದರ ಪೊಟರೆಯೊಳಗೆ ಹೊಕ್ಕು ಬೆನ್ನಿನ ಮೊದಲ ಮುಳ್ಳನ್ನು ನೆಟ್ಟಗೆ ನಿಲ್ಲಿಸಿಕೊಂಡಿತು. ಹಿಂದಿನ ಎರಡನೆಯ ಚಿಕ್ಕ ಮುಳ್ಳು ಅದಕ್ಕೆ ಅಗುಳಿ ಹಾಕಿದಂತೆ ಆನಿಸಿ ನಿಲ್ಲುತ್ತದೆ. ಈ ಮೀನಿಗೆ ಟ್ರಿಗರ್ ಎಂಬ ಹೆಸರು ಬಂದದ್ದೂ ಬಂದೂಕಿನ ಟ್ರಿಗರಿನಂಥ ಆ ಮುಳ್ಳಿನಿಂದಲೇ. ಎಳೆದರೆ ಮುಳ್ಳು ಮುರಿಯುತ್ತದೆ, ಬಲೆ ಹಾಕಿದರೆ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಬಂಡೆಯ ಸಮೇತ ನೀರೊಳಗೇ ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿ, ದೀಪ ಆರಿಸಿ, ಮುಕ್ಕಾಲು ಗಂಟೆ ಸುಮ್ಮನೆ ಕೂತೆ. ಗೊರಗೊರ ಸದ್ದು ಮಾಡುತ್ತ ಅದು ತಾನಾಗಿಯೇ ಹೊರಬಂತು.